ಬೇಗ ತಾರಪ್ಪಾ

ನಮ್ಮ ಬೀದಿಯ ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇದ್ದ ಜಾಗಕ್ಕೆ ಹೊಸ ಬೋರ್ಡು ಬಂದಿದೆ. ಕಾನೂನಿನ ಪ್ರಕಾರ ಶೇಕಡಾ 60ರಷ್ಟು ಕನ್ನಡ. ಆ ಕನ್ನಡದಲ್ಲಿ ದಪ್ಪಗೆ ಬರೆದಿರುವುದು 'ಬಿಸ್ಟ್ರೋ'. "ಏನ್ರೀ ಅದು, ಬಿಸ್ಕತ್ತಿನ ಅಂಗಡೀನಾ?" ಅಂದಳು ನನ್ನಾಕೆ. ಪ್ಯಾರಿಸ್ಸಿನ ಮಗನ ಮನೆಯಲ್ಲಿ ನನ್ನ ಜೊತೆ ತಿಂಗಳಿಡೀ ಇದ್ದು ಬಂದವಳು!

ನನಗೆ ಉರಿದದ್ದು ಆ ಟಕಾರಕ್ಕೆ. ಫ್ರೆಂಚರ ಬಾಯಲ್ಲಿ ಅದು 'ಬಿಸ್ತ್ರೋ', ಅಂದರೆ ಸಣ್ಣ ಹೋಟೆಲು; ನಮ್ಮ ತೊವ್ವೆಯ, ತಂಬುಳಿಯ ತಕಾರ. ಇಂಗ್ಲಿಷಿನವರಿಗೆ ಆ ಅಕ್ಷರ ಇಲ್ಲ, ಪಾಪ. ನಮಗೇನು ಬಂದಿತ್ತು ಬರ? ಮನೆಯಲ್ಲಿ ತಕಾರ ಇಟ್ಟುಕೊಂಡು ಲಂಡನ್ನಿನಿಂದ ಟಕಾರ ಸಾಲ ತರುವುದೆಂದರೆ!

ಆ ಪದದ ಜನ್ಮಸ್ಥಳ ಎಂದು ಹೇಳುವ ಜಾಗವನ್ನು ಮಗ ನಮಗೆ ತೋರಿಸಿದ್ದ. ಮೊಂಮಾರ್ತ್ರ್ ಗುಡ್ಡದ ಮೇಲೆ, ಚಿತ್ರಕಾರರು ಕೂತು ಬಂದವರ ಮುಖ ಬಿಡಿಸುವ ಚೌಕದಲ್ಲಿ, 'ಲಾ ಮೇರ್ ಕತ್ರೀನ್' ಎಂಬ ಹಳೆಯ ಹೋಟೆಲು. ಗೋಡೆಯಲ್ಲೊಂದು ಫಲಕ. ಮಗ ಓದಿ ಹೇಳಿದ: 1814ರ ಮಾರ್ಚ್ 30ರಂದು ರಷ್ಯದ ಕೊಸಾಕ್ ಸೈನಿಕರು ಮೊದಲ ಬಾರಿಗೆ 'ಬಿಸ್ತ್ರೋ' ಎಂದು ಕೂಗಿದ್ದು ಇಲ್ಲೇ. ರಷ್ಯನ್ ಭಾಷೆಯಲ್ಲಿ ಅದರರ್ಥ 'ಬೇಗ'. ಬೇಗ ತನ್ನಿ ಎಂದು ಕೂಗಿದ್ದೇ ಹೋಟೆಲಿಗೆ ಹೆಸರಾಯಿತಂತೆ.

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ವೋಚರಿನ ತಾರೀಖು ನೋಡಿ ನೋಡಿ ಕೆಟ್ಟವನು. ಮಾರ್ಚ್ 30 ನೆಪೋಲಿಯನ್ನನ ಪ್ಯಾರಿಸ್ಸಿಗಾಗಿ ಯುದ್ಧ ನಡೆದ ದಿನ. ರಷ್ಯನ್ನರು ಆ ಗುಡ್ಡಕ್ಕೆ ನುಗ್ಗಿದ್ದು ಅವತ್ತು. ಪ್ಯಾರಿಸ್ಸಿನ ಶರಣಾಗತಿಗೆ ಸಹಿ ಬಿದ್ದದ್ದು ಅವತ್ತು ನಡುರಾತ್ರಿ ಕಳೆದ ಮೇಲೆ. ಫಿರಂಗಿಯ ಹೊಗೆ ಆರುವ ಮುಂಚೆ ಯಾರು ಮೇಜಿಗೆ ಕೂತರು, ಯಾರು ವೈನ್ ಬಗ್ಗಿಸಿದರು? ಹೋಗಲಿ, ಕೂತರೆಂದೇ ಇಟ್ಟುಕೊಳ್ಳೋಣ. ಆ ಪದ ಫ್ರೆಂಚಿನಲ್ಲಿ ಅಚ್ಚಾಗಿ ಕಾಣುವುದು 1880ರ ದಶಕದಲ್ಲಿ. ಹುಟ್ಟಿದ ಮಗು 70 ವರ್ಷ ಅಳದೆ ತೊಟ್ಟಿಲಲ್ಲಿ ಮಲಗಿತ್ತೇ? ಉತ್ತರ ಫ್ರಾನ್ಸಿನವರು ಕಾಫಿಗೆ ಸಾರಾಯಿ ಬೆರೆಸಿ ಕುಡಿಯುವ 'ಬಿಸ್ತೂಯ್'ನಿಂದ ಬಂತು ಅನ್ನುವವರೂ ಇದ್ದಾರಂತೆ. ಅದಕ್ಕೆ ಫಲಕವಿಲ್ಲ. ಇದನ್ನೆಲ್ಲ ಬಿಸಿಲಲ್ಲಿ ನಿಂತು ವಿವರಿಸುತ್ತಿದ್ದಾಗ ಮಗ, "ಅಪ್ಪಾ, ಹಸಿವಾಗ್ತಿದೆ" ಅಂದ.

ಗುಡ್ಡ ಇಳಿದು ಗಲ್ಲಿಯೊಂದರ ಬಿಸ್ತ್ರೋ ಹೊಕ್ಕೆವು. ಸತುವಿನ ತಗಡು ಹೊದಿಸಿದ ಕೌಂಟರು, ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಅಡುಗೆ. ನಿಂತು ಕುಡಿದರೆ ಕಾಫಿಗೆ ಒಂದು ರೇಟು, ಕೂತರೆ ಇನ್ನೊಂದು. ಇಷ್ಟು ಮಾತ್ರ ನಮ್ಮೂರಿನ ಹಾಗೆ. ಈರುಳ್ಳಿ ಸೂಪಿನಲ್ಲಿ ದನದ ಮೂಳೆಯ ರಸ ಎಂದು ತಿಳಿದು ನನ್ನಾಕೆ ಬ್ರೆಡ್ಡು, ಆಲೂಗಡ್ಡೆಗೆ ಇಳಿದಳು. ತಿಂದದ್ದು ಹತ್ತು ನಿಮಿಷ. ಬಿಲ್ಲಿಗೆ ಕಾದದ್ದು ನಲವತ್ತು. ಮಾಣಿ ಎರಡು ಸಲ ನಮ್ಮ ಪಕ್ಕದಲ್ಲೇ ಹಾದ. ನನ್ನ ಕಣ್ಣು ಅವನ ಕಣ್ಣಿಗೆ ಬೀಳಲಿಲ್ಲ. ಕೇಳದೆ ಬಿಲ್ಲು ತಂದರೆ ಅತಿಥಿಯನ್ನು ಎಬ್ಬಿಸಿ ಕಳಿಸಿದ ಹಾಗಂತೆ! ನಮ್ಮಲ್ಲಿ ಎರಡನೇ ಇಡ್ಲಿ ಮುರಿಯುವ ಮುಂಚೆ ಬಿಲ್ಲು ಚಟ್ನಿ ಬಟ್ಟಲಿನ ಅಡಿ ಒದ್ದೆಯಾಗಿರುತ್ತದೆ. ಕೊನೆಗೆ ನನ್ನಾಕೆಯೇ ಕೈಯೆತ್ತಿ, "ಬೇಗ ತಾರಪ್ಪಾ!" ಅಂದಳು. ಮಾಣಿ ತಕ್ಷಣ ತಂದ. ಆ ಗೋಡೆಗೂ ಯಾರಾದರೂ ಒಂದು ಫಲಕ ಹಾಕಬಹುದು. ನಮ್ಮ ಹತ್ತಿರ ತಾರೀಖು ಹಾಕಿದ ರಸೀದಿ ಇದೆ.

ಮೊನ್ನೆ ಭಾನುವಾರ ನಮ್ಮ ಬೀದಿಯ ಬಿಸ್ಟ್ರೋಗೂ ಹೋದೆವು. ಮೆನು ಮೊಬೈಲಿನಲ್ಲೇ ನೋಡಬೇಕಂತೆ. ಕಾಫಿಯ ಬೆಲೆ ನೋಡಿದವನೇ ಹುಡುಗನಿಗೆ ಮೆಲ್ಲಗೆ, "ಬೈಟು ಮಾಡ್ಕೊಡ್ತೀರಾ?" ಎಂದು ಕೇಳಿದೆ.

ಅವನು ಮೆನುವಿನ ಉದ್ದಕ್ಕೂ ಬೆರಳಾಡಿಸಿದ. "ಸಾರ್, ಅದು ಫ್ರೆಂಚಾ, ಇಟಾಲಿಯನ್ನಾ?"