‘ಗಿಫ್ಟ್’ ಎಂದು ಬರೆಯಬೇಡಿ

“ಪೊಟ್ಟಣದ ಮೇಲೆ ಗಿಫ್ಟ್ ಎಂದು ಬರೆಯಿರಿ, ಬೆಲೆ ಇನ್ನೂರು ರೂಪಾಯಿ ಹಾಕಿ, ಸುಂಕವಿಲ್ಲದೆ ಸಲೀಸಾಗಿ ಹೋಗುತ್ತದೆ.” ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆ ಮನೆಯಿಂದಲೇ ವಿದೇಶಕ್ಕೆ ಸರಕು ಕಳಿಸುವ ಆನ್‌ಲೈನ್ ವ್ಯಾಪಾರ ಶುರು ಮಾಡಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಈ ಸಲಹೆ ಎಲ್ಲ ಕಡೆಯಿಂದ ಬರುತ್ತಿದೆ. ಕೊರಿಯರ್ ಏಜೆಂಟರು ಹೇಳುತ್ತಾರೆ. ಕೊಳ್ಳುವವರೂ “ಅಕ್ಕಾ, ಹಾಗೆ ಬರೆದುಬಿಡಿ” ಎಂದು ಕೇಳಿಕೊಳ್ಳುತ್ತಾರೆ. ದಯವಿಟ್ಟು ಒಪ್ಪಬೇಡಿ.

ನಾನು ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಮಾಡುವ ಕೊಲ್ಹಾಪುರಿ ಚಪ್ಪಲಿ ಮಾರುತ್ತೇನೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಅಲ್ಲಿನ ಕಸುಬುದಾರರು ಕೈಯಲ್ಲೇ ಹೊಲಿದ ಜೋಡಿಯನ್ನು ಇನ್ನೂರು ರೂಪಾಯಿಯ ಉಡುಗೊರೆ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಮನಸ್ಸಿನ ಮಾತು ಬಿಡಿ, ಲೆಕ್ಕವನ್ನೇ ನೋಡಿ. 1962ರ ಕಸ್ಟಮ್ಸ್ ಕಾಯ್ದೆಯಡಿ ಸುಳ್ಳು ಘೋಷಣೆ ಅಪರಾಧ. ದಾರಿಯಲ್ಲಿ ಪೊಟ್ಟಣ ಕಳೆದರೆ ಪರಿಹಾರ ಕೇಳಲು ನಿಮ್ಮ ಕೈಯಲ್ಲಿರುವುದು ನೀವೇ ಬರೆದ ಇನ್ನೂರು ರೂಪಾಯಿಯ ಕಾಗದ. ಬ್ಯಾಂಕಿಗೆ ಬಂದ ಹಣ ಒಂದು, ಇನ್‌ವಾಯ್ಸ್‌ನಲ್ಲಿರುವುದು ಇನ್ನೊಂದು ಎಂದಾದರೆ ಅದು ರಫ್ತಿನ ಹಣವೆಂದು ತೋರಿಸುವುದು ಹೇಗೆ?

ಗುಟ್ಟಾಗಿ ದಾಟಿಸುವ ಕಾಲವೂ ಮುಗಿಯುತ್ತಿದೆ. ಐರೋಪ್ಯ ಒಕ್ಕೂಟ 2021ರ ಜುಲೈ 1ರಿಂದ ಸಣ್ಣ ಪೊಟ್ಟಣಗಳಿಗಿದ್ದ ವ್ಯಾಟ್ ವಿನಾಯಿತಿಯನ್ನು ತೆಗೆದುಹಾಕಿತು. 800 ಡಾಲರ್‌ವರೆಗಿನ ಸರಕಿಗೆ ಅಮೆರಿಕ ನೀಡುತ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆಯೇ ಕೆಲವು ವಾರ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಆದ್ದರಿಂದ ಸುಂಕ ಯಾರು ಕಟ್ಟಬೇಕೆಂಬುದನ್ನು ಹಣ ಪಡೆಯುವ ಮೊದಲೇ ಕೊಳ್ಳುವವರಿಗೆ ಬರೆದು ತಿಳಿಸಿ. ನ್ಯೂಜೆರ್ಸಿಯ ಮನೆಬಾಗಿಲಲ್ಲಿ ಅನಿರೀಕ್ಷಿತ ಬಿಲ್ ಕಂಡವರು ಪೊಟ್ಟಣವನ್ನೇ ನಿರಾಕರಿಸುತ್ತಾರೆ. ಆಗ ವಾಪಸು ತರಿಸುವ ಖರ್ಚು ನಮ್ಮ ತಲೆಗೆ.

ನೇರ ದಾರಿ ಅಷ್ಟೇನೂ ಕಷ್ಟವಲ್ಲ. ಆಮದು-ರಫ್ತು ಮಾಡುವವರಿಗೆ ಬೇಕಾದ ಐಇಸಿ ಸಂಖ್ಯೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿಗೆ ಸಿಗುತ್ತದೆ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ, ಬದಲಾವಣೆ ಇಲ್ಲದಿದ್ದರೂ, ಅದನ್ನು ದೃಢೀಕರಿಸಬೇಕು. ಜಿಎಸ್‌ಟಿ ನೋಂದಣಿ ಇದ್ದವರು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಸಣ್ಣವರಿಗೆಂದೇ 2022ರಲ್ಲಿ ಶುರುವಾದ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರಗಳು. ರಫ್ತು ಬಿಲ್ಲನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ತುಂಬಬಹುದು. ಏಜೆಂಟರ ಬಳಿ ಹೋಗುವ ಮೊದಲು ಒಮ್ಮೆ ಈ ಕೇಂದ್ರದಲ್ಲಿ ವಿಚಾರಿಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಳಿಸಬೇಕೆಂದರೆ ಪೆಟ್ಟಿಗೆಯಲ್ಲಿ ಉಳಿಸಿ. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಅಂಕಿ, ನಿಜವಾದ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ದರ. ಮುಕ್ಕಾಲು ಕಿಲೋ ತೂಗುವ ಜೋಡಿಯನ್ನು 30×20×12ರ ಪೆಟ್ಟಿಗೆಯಲ್ಲಿಟ್ಟರೆ 1.44 ಕಿಲೋಗೆ ಹಣ ಕೊಡಬೇಕು. ಅದೇ ಜೋಡಿ 30×15×10ರಲ್ಲಿ ಕೂತರೆ 0.9 ಕಿಲೋ.

ಸರಕು ಯಾವ ಬಗೆಯದೆಂದು ಕಸ್ಟಮ್ಸ್‌ಗೆ ತಿಳಿಸುವ ಎಚ್‌ಎಸ್ ಸಂಖ್ಯೆ ಹುಡುಕುವಲ್ಲಿ ತೊಡಕಾದರೆ ನನ್ನನ್ನೇ ಕೇಳಿ. ಪಾದರಕ್ಷೆ ಆ ಪಟ್ಟಿಯ 64ನೇ ಅಧ್ಯಾಯದಲ್ಲಿದೆ. ಸೀರೆ ಮಾರುವವರು ಅದು ರೇಷ್ಮೆಯೋ ಹತ್ತಿಯೋ ಎಂದು ತಿಳಿಸಿ. ರೇಷ್ಮೆಗೆ 50, ಹತ್ತಿಗೆ 52ನೇ ಅಧ್ಯಾಯ ನೋಡಬೇಕು.