ಇ-ಪುಸ್ತಕಕ್ಕೆ ಬೀಗ ಬೇಕೇ?

ಪರ

ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಆರಂಭವಾದದ್ದು ಚಂದಾದಾರರನ್ನು ನಂಬಿ. ಆಗ ಹಣ ಮೊದಲು ಬರುತ್ತಿತ್ತು, ಪುಸ್ತಕ ಆಮೇಲೆ. ಈಗ ಪುಸ್ತಕ ಮೊದಲು ವಾಟ್ಸ್‌ಆ್ಯಪ್‌ಗೆ ಬರುತ್ತದೆ, ಹಣ ಬರುವುದೇ ಇಲ್ಲ. ಅದಕ್ಕೇ ಇ-ಪುಸ್ತಕಕ್ಕೆ ಬೀಗ ಬೇಕು, ಅಂದರೆ ಕೊಂಡವರಷ್ಟೇ ತೆರೆಯುವಂತೆ ಮಾಡುವ ತಾಂತ್ರಿಕ ತಡೆ (ಡಿಆರ್‌ಎಂ).

ಕಳುಹಿಸುವವರು ಕಳ್ಳರಲ್ಲ. ನಿವೃತ್ತ ಮಾಸ್ತರರು, ಸಾಹಿತ್ಯಪ್ರೇಮಿಗಳು. ‘ಚೆನ್ನಾಗಿದೆ, ನೀವೂ ಓದಿರಿ’ ಎಂಬ ಪ್ರೀತಿಯಿಂದಲೇ ಕಳುಹಿಸುತ್ತಾರೆ. ಆ ಪ್ರೀತಿಗೆ ಬಲಿಯಾಗುವವನು ಪ್ರಕಾಶಕ. ಕಾಗದದ ಪುಸ್ತಕ ಎರವಲು ಕೊಟ್ಟರೆ ಕೊಟ್ಟವರ ಕಪಾಟಿನಲ್ಲಿ ಜಾಗ ಖಾಲಿಯಾಗುತ್ತದೆ, ಹಾಗಾಗಿ ಹತ್ತು ಸಲ ಯೋಚಿಸುತ್ತಾರೆ. ಕಡತಕ್ಕೆ ಆ ಸಂಕಟವಿಲ್ಲ. ಬೀಗ ಮರಳಿ ತರುವುದು ಆ ಯೋಚನೆಯನ್ನಷ್ಟೇ. ಪಳಗಿದ ಕಳ್ಳ ಅದನ್ನು ಮುರಿಯುತ್ತಾನೆ, ಒಪ್ಪಿದೆ. ಅವನಿಗಾಗಿ ಅದನ್ನು ಹಾಕಿಯೂ ಇಲ್ಲ.

ವಿರೋಧ

ಬೀಗ ಸರಿ, ಕೀಲಿಕೈ ಯಾರ ಬಳಿ ಇದೆ? 2009ರಲ್ಲಿ ಅಮೆಜಾನ್ ಕಂಪನಿ, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಗ್ರಾಹಕರು ಕೊಂಡಿದ್ದ ಪ್ರತಿಗಳನ್ನು ಅವರ ಕಿಂಡಲ್ ಓದುಯಂತ್ರಗಳಿಂದ ದೂರದಲ್ಲಿ ಕುಳಿತೇ ಅಳಿಸಿತು. ಅವುಗಳಲ್ಲಿ ಒಂದು, ಪ್ರಭುತ್ವ ಹಳೆಯ ಬರಹಗಳನ್ನೇ ಅಳಿಸಿಹಾಕುವ ಕಥೆ ಹೇಳುವ ಆರ್ವೆಲ್‌ನ ‘1984’. (ಕಥೆಗಾರ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.) 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಓದುಗರು ಕೊಂಡಿದ್ದ ಪುಸ್ತಕಗಳೂ ಹೋದವು. ಹಣ ಮರಳಿಸಿತು, ನಿಜ. ಆದರೆ ಹುಬ್ಬಳ್ಳಿಯ ಪುಸ್ತಕದಂಗಡಿ ಮುಚ್ಚಿದರೆ ನಮ್ಮ ಮನೆಯ ಕಪಾಟು ಬರಿದಾಗುತ್ತದೆಯೇ?

ಬೀಗದ ನೆಪದಲ್ಲಿ ಕಂಪನಿಯೊಂದರ ಸ್ವಂತ ಕಡತ-ಮಾದರಿಗೆ ಜೋತುಬಿದ್ದರೆ ಭಾಷೆಯೂ ಅದರ ಮರ್ಜಿ ಕಾಯಬೇಕು. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆಯಿತು. ಕನ್ನಡ ಹೊರಗೇ ನಿಂತಿತು. ಎಲ್ಲರಿಗೂ ಮುಕ್ತವಾದ ಇಪಬ್ ಮಾದರಿಯಲ್ಲಿ ಪುಸ್ತಕ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ನನಗೆ ಹೆಚ್ಚು ಚುಚ್ಚುವುದು ಬೇರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ವಿದ್ಯೆ ಕೊಟ್ಟ ಊರು ಪಕ್ಕದ ಗದಗ. ಕಣ್ಣಿಲ್ಲದವರಿಗಾಗಿ ಪುಸ್ತಕವನ್ನು ಧ್ವನಿಗೋ ಬ್ರೈಲ್‌ಗೋ ಪರಿವರ್ತಿಸಬಹುದೆಂದು ನಮ್ಮ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಹೇಳುತ್ತದೆ. ಅದೇ ಉದ್ದೇಶದ ಮರ್ರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದೂ ಭಾರತ. ಆದರೆ ಓದಿ ಹೇಳುವ ತಂತ್ರಾಂಶವನ್ನು ಬೀಗ ಒಳಗೆ ಬಿಡದಿದ್ದರೆ ಆ ಕಾಯ್ದೆಯನ್ನು ಇಟ್ಟುಕೊಂಡು ಏನು ಮಾಡುವುದು?

ಇನ್ನು ವಾಟ್ಸ್‌ಆ್ಯಪ್. ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನು ಇ-ಪುಸ್ತಕದ ಯಾವ ಬೀಗ ತಡೆದೀತು? ಪ್ರೀತಿಯಿಂದ ಹಂಚುವ ಮಾಸ್ತರರಿಗೆ, ಕೊಂಡವರ ಹೆಸರನ್ನು ಪುಟದ ಮೇಲೆ ಮೂಡಿಸಿದರೆ ಸಾಕು, ಕೈ ತಾನೇ ಹಿಂಜರಿಯುತ್ತದೆ. ಅಮೆರಿಕದ ಟಾರ್ ಪ್ರಕಾಶನ 2012ರಲ್ಲೇ ಬೀಗ ತೆಗೆದುಹಾಕಿತು. ಇಂದಿಗೂ ಪುಸ್ತಕ ಮಾರುತ್ತಿದೆ.