ಒಳ್ಳೆಯ ಬ್ರೇಕ್ ಬಿಚ್ಚಿಟ್ಟ ದಿನ

ಕಳೆದ ತಿಂಗಳು ಒಂದೇ ವಾರದಲ್ಲಿ ನಮ್ಮ ಮನೆಯ ಎರಡು ಹಳೆಯ ಕಾರುಗಳು ತಪಾಸಣೆಗೆ ನಿಂತವು. ಒಂದು ನನ್ನದು, ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ. ಇನ್ನೊಂದು ಅಕ್ಕನ ಮಗನದು, ಬೆಂಗಳೂರಿನಲ್ಲಿ. ಎರಡನ್ನೂ ನಾವು ಭಾನುವಾರ, ಶನಿವಾರಗಳನ್ನು ಸುರಿದು ಕೈಯಾರೆ ಸುಧಾರಿಸಿದ್ದೆವು. ಎರಡೂ ಪಾಸಾದವು. ನನ್ನದು ನಾನು ಹಾಕಿದ ಹೊಸ ಸ್ಪ್ರಿಂಗ್‌ಗಳ ಸಮೇತ ಪಾಸಾಯಿತು. ಅವನದು, ಅವನು ಹಾಕಿದ್ದ ಒಳ್ಳೆಯ ಬ್ರೇಕ್‌ಗಳನ್ನು ಬಿಚ್ಚಿಟ್ಟ ಮೇಲೆ ಪಾಸಾಯಿತು.

“ಮಾವ, ದೊಡ್ಡ ಡಿಸ್ಕ್ ತೆಗೆದು ಹಳೆಯದನ್ನೇ ಹಾಕಿ ತೋರಿಸಿದೆ. ಎಫ್‌ಸಿ ಆಯಿತು” ಎಂದು ಫೋನಿನಲ್ಲಿ ಹೇಳಿದ. ಎಫ್‌ಸಿ ಎಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟು. ದನಿಯಲ್ಲಿ ಕೆಲಸ ಮುಗಿದ ನೆಮ್ಮದಿ ಇತ್ತು. ಆ ನೆಮ್ಮದಿಯೇ ನನ್ನನ್ನು ಚುಚ್ಚಿತು. ಇಪ್ಪತ್ತಾರು ವರ್ಷದ ಹುಡುಗ, ತನ್ನ ಕಾರು ಬೇಗ ನಿಲ್ಲಲಿ ಎಂದು ಎರಡು ತಿಂಗಳ ಸಂಬಳದಲ್ಲಿ ಉಳಿಸಿ ಮಾಡಿದ ಕೆಲಸವನ್ನು ಕಳ್ಳಮಾಲಿನಂತೆ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ಸವೆದ ಬ್ರೇಕಿನಲ್ಲಿ ಬೆಂಗಳೂರಿನ ಟ್ರಾಫಿಕ್ ದಾಟಿ ತಪಾಸಣೆಗೆ ಹೋಗಿ ಬಂದಿದ್ದಾನೆ. ಹಾಗೆ ಮಾಡು ಎಂದು ಹೇಳಿಕೊಟ್ಟವನು ಏಜೆಂಟ್. ಹಾಗೆ ಮಾಡಿದ್ದು ಅವನಿಗೆ ವಿಚಿತ್ರವಾಗಿಯೂ ಕಾಣಲಿಲ್ಲ.

ನನ್ನದು 2002ರ ಮಾಜ್ದಾ ಎಂಎಕ್ಸ್-5, ಎರಡನೆಯ ತಲೆಮಾರಿನದು. 1.8 ಲೀಟರ್ ಎಂಜಿನ್, 146 ಅಶ್ವಶಕ್ತಿ, ಎರಡೇ ಸೀಟು, ಮಡಚುವ ಬಟ್ಟೆಯ ಟಾಪ್. ಮೂರು ವರ್ಷದ ಹಿಂದೆ ಟ್ಯೂಬಿಂಗನ್ ಬಳಿಯ ಒಬ್ಬ ನಿವೃತ್ತ ಮೇಷ್ಟ್ರಿಂದ ಕೊಂಡೆ. ಓಡಿದ್ದು 1,32,000 ಕಿಲೋಮೀಟರ್. 1989ರಲ್ಲಿ ಈ ಕಾರಿನ ಮೊದಲ ತಲೆಮಾರನ್ನು ಷಿಕಾಗೋದಲ್ಲಿ ತೋರಿಸಿದ ಕಾಲದಿಂದಲೂ ಅದನ್ನು ಮಾಡಿದವರು ‘ಜಿನ್ಬಾ ಇತ್ತಾಯ್’ ಎಂಬ ಜಪಾನಿ ಮಾತನ್ನು ಹೇಳುತ್ತಾ ಬಂದಿದ್ದಾರೆ. ಕುದುರೆ ಮತ್ತು ಸವಾರ ಒಂದೇ ಮೈ ಎಂದು ಅರ್ಥ. ತೂಕ ಸಾವಿರ ಕಿಲೋ ಚಿಲ್ಲರೆ, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಬಾಡೆನ್‌ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್‌ವರೆಗೆ ಕಪ್ಪುಕಾಡಿನ ನೆತ್ತಿಯ ಮೇಲೆ ಹೋಗುವ ರಸ್ತೆಯಲ್ಲಿ ಟಾಪ್ ತೆರೆದು ಮೂರನೆಯ ಗೇರಿನಲ್ಲಿ ತಿರುವು ಹಿಡಿದಾಗ ಆ ಮಾತು ಬೆನ್ನಿಗೆ ತಿಳಿಯುತ್ತದೆ. ಮಳೆ ಬಿದ್ದು ನಿಂತ ಸಂಜೆ ಆ ಕಾಡಿನ ವಾಸನೆಗೆ ಶಿರಾಡಿ ಘಾಟಿ ನೆನಪಾಗಿ ಒಂದೆರಡು ಸಲ ಕಾರು ಪಕ್ಕಕ್ಕೆ ನಿಲ್ಲಿಸಿದ್ದೇನೆ.

ಕೊಂಡ ಮೊದಲ ವರ್ಷ ಕಾರು ವೇಗವಾಗಲಿ ಎಂದು ಒಂದು ಪೈಸೆಯನ್ನೂ ಹಾಕಲಿಲ್ಲ. ಟಾಪಿನಿಂದ ಇಳಿದ ಮಳೆನೀರು ಹೊರಹೋಗುವ ಸಣ್ಣ ಕೊಳವೆಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡು, ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೇ ನಿಂತು, ಹಿಂದಿನ ಚಕ್ರಕ್ಕೆ ಮುಂಚಿನ ಜಾಗವನ್ನು ಒಳಗಿನಿಂದ ತುಕ್ಕು ತಿಂದಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ರಟ್ಟಿನಂತೆ ಒಳಗೆ ಇಳಿಯಿತು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಬಾನೆಟ್ ತೆಗೆದು ನೋಡುವ ಮೊದಲು ಮಂಡಿಯೂರಿ ಈ ಜಾಗ ನೋಡಬೇಕು. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದ ಮೇಲೆ ರಬ್ಬರ್ ಬುಷ್‌ಗಳು, ಬ್ರೇಕ್ ಹೋಸ್‌ಗಳು, ಶಾಕ್ ಅಬ್ಸಾರ್ಬರ್‌ಗಳು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಇವಿಷ್ಟನ್ನು ಹೊಸದಾಗಿ ಹಾಕಿದರೇ ಅದು ಬೇರೆ ಕಾರು. ಇದನ್ನು ಬಿಟ್ಟು ಮೊದಲು ಸೈಲೆನ್ಸರ್‌ಗೆ ಕೈ ಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹದಿನೇಳು ಇಂಚಿನ ಚಕ್ರಗಳನ್ನೂ ನಾನು ಒಪ್ಪುವುದಿಲ್ಲ. ಹದಿನೈದು ಇಂಚಿನ ಹಗುರ ಚಕ್ರದಲ್ಲಿ ಈ ಕಾರಿನ ಜೀವ ಇದೆ. ಎರಡನೆಯ ವರ್ಷದಲ್ಲಿ ಮಾತ್ರ ಕಾರನ್ನು 30 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್‌ಗಳನ್ನು ತಂದೆ.

ಇಲ್ಲಿ ಸ್ಪ್ರಿಂಗ್ ಬದಲಿಸಿ ಸುಮ್ಮನೆ ಓಡಿಸುವಂತಿಲ್ಲ. ಓಡಿಸಿದರೆ ಕಾರಿನ ರಸ್ತೆ ಪರವಾನಗಿಯೇ ರದ್ದಾದಂತೆ. ತಯಾರಕರು ಕೊಟ್ಟ ಪರೀಕ್ಷಾ ಪತ್ರ ಹಿಡಿದು, ಕಾರು ತೆಗೆದುಕೊಂಡು ಹೋಗಿ ಎಂಜಿನಿಯರ್‌ಗೆ ತೋರಿಸಬೇಕು. ನಾನು ಹೋಗುವುದು ಇಂಥ ತಪಾಸಣೆ ನಡೆಸುವ ಟ್ಯೂಫ್ ಸಂಸ್ಥೆಯ ಕೇಂದ್ರಕ್ಕೆ. ಮೊದಲ ಸಲ ಹೋದಾಗ ಊರಿನ ಭಯವೆಲ್ಲ ಹೊಟ್ಟೆಯಲ್ಲಿತ್ತು. ಯಾರನ್ನು ನೋಡಬೇಕು, ಯಾರಿಗೆ ಏನು ಕೊಡಬೇಕು ಎಂಬ ಹಳೆಯ ಲೆಕ್ಕ ತಾನಾಗಿ ತಲೆಯಲ್ಲಿ ಓಡುತ್ತಿತ್ತು.

ಬಂದವರು ಐವತ್ತು ದಾಟಿದ ಎಂಜಿನಿಯರ್, ಕೈಯಲ್ಲಿ ಟಾರ್ಚ್ ಮತ್ತು ಅಳತೆ ಟೇಪ್. ಮುಂದಿನ ಎಡ ಚಕ್ರವನ್ನೂ ಹಿಂದಿನ ಬಲ ಚಕ್ರವನ್ನೂ ದಪ್ಪ ದಿಮ್ಮಿಗಳ ಮೇಲೆ ಹತ್ತಿಸಿದರು. ಕಾರು ಮೂಲೆಯಿಂದ ಮೂಲೆಗೆ ತಿರುಚಿಕೊಂಡು ನಿಂತಿತು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಎಂದರು. ಆಮೇಲೆ ಹಿಂದಿನ ಟೈರಿಗೂ ಮಡ್‌ಗಾರ್ಡ್ ಅಂಚಿಗೂ ನಡುವೆ ಬೆರಳು ತೂರಿಸಿದರು. ಬೆರಳು ಹೋಗಲಿಲ್ಲ. ನನ್ನ ಕೈ ಹಿಡಿದು ಅದೇ ಜಾಗಕ್ಕೆ ಇಡಿಸಿದರು. ಟೈರಿನ ಭುಜ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜಿದ ಗುರುತು ಕೈಗೆ ಸಿಕ್ಕಿತು. ಗುಂಡಿಗೆ ಇಳಿದ ಚಕ್ರ ತಿರುವಿನಲ್ಲಿ ಹೀಗೇ ಏಳುತ್ತದೆ, ಅಂಚನ್ನು ಒಳಕ್ಕೆ ಮಡಚಿಸಿ ಬನ್ನಿ, ಹೆಡ್‌ಲೈಟ್‌ಗಳ ಮಟ್ಟವೂ ತಪ್ಪಿದೆ, ಅದನ್ನೂ ಸರಿಪಡಿಸಿ ಎಂದರು. ಅಂದು ಪಾಸಾಗಲಿಲ್ಲ. ಆದರೆ ಮನೆಗೆ ಹಿಂತಿರುಗುವಾಗ ನಾನು ಕೋಪಗೊಂಡಿರಲಿಲ್ಲ. ನನ್ನ ಕೆಲಸವನ್ನು ಒಬ್ಬರು ಬಗ್ಗಿ ನೋಡಿದ್ದರು.

ಎರಡನೆಯ ಸಲ ಬೆರಳು ಸಲೀಸಾಗಿ ಹೋಯಿತು. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಬರೆದುಕೊಂಡರು. ನಮ್ಮ ಆರ್‌ಸಿಯಂತೆ ಇಲ್ಲಿಯೂ ಒಂದು ನೋಂದಣಿ ಪತ್ರ ಇದೆ. ಅದರ 22ನೆಯ ಅಂಕಣ ಷರಾಗಳಿಗೆ ಮೀಸಲು. ಈಗ ಅಲ್ಲಿ ನನ್ನ ಸ್ಪ್ರಿಂಗ್‌ಗಳ ವಿವರ, ಆ ಅಳತೆಗಳು ಅಚ್ಚಾಗಿವೆ. ಇದೇ ಪತ್ರದಲ್ಲಿ ಕಾರು ನಿಂತಲ್ಲಿ ಎಷ್ಟು ಡೆಸಿಬಲ್ ಸದ್ದು ಮಾಡಬಹುದು ಎಂಬ ಸಂಖ್ಯೆಯೂ, ಎಷ್ಟು ಆರ್‌ಪಿಎಂನಲ್ಲಿ ಅದನ್ನು ಅಳೆಯಬೇಕು ಎಂಬುದೂ ಇದೆ. ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದರೆ ಮಾತಿಗೆ ಜಾಗವಿಲ್ಲ. ಪತ್ರ ತೋರಿಸಿದರಾಯಿತು. ನಾಳೆ ಈ ಕಾರನ್ನು ಯಾರಿಗಾದರೂ ಮಾರಿದರೆ ಅವರಿಗೂ ನಾನು ಏನು ಮಾಡಿದ್ದೇನೆ ಎಂಬುದು ತಿಳಿಯುತ್ತದೆ.

ಆ ಒಂದು ಸಾಲಿನ ಷರಾ ನನಗೆ ಎಷ್ಟು ದೊಡ್ಡದು ಎಂದು ಊರಿನವರಿಗೆ ತಿಳಿಸುವುದು ಕಷ್ಟ. ಸರ್ಕಾರದ ಕಾಗದದಲ್ಲಿ ನನ್ನ ಕೈಕೆಲಸ ಇದೆ. ಅದನ್ನು ಮುಚ್ಚಿಡಬೇಕಿಲ್ಲ.

ಈ ಪದ್ಧತಿ ಆಕಾಶದಿಂದ ಇಳಿದದ್ದಲ್ಲ. 1865ರಲ್ಲಿ ಇಲ್ಲಿಂದ ದೂರವಲ್ಲದ ಮಾನ್‌ಹೈಮ್‌ನ ಬಿಯರ್ ಕಾರ್ಖಾನೆಯೊಂದರಲ್ಲಿ ಹಬೆಯ ಬಾಯ್ಲರ್ ಸಿಡಿಯಿತು. ಮರುವರ್ಷ ಬಾಯ್ಲರ್ ಮಾಲೀಕರೇ ಕೂಡಿ, ಒಬ್ಬೊಬ್ಬರ ಬಾಯ್ಲರನ್ನೂ ತಿಳಿದವರಿಂದ ನೋಡಿಸಲು ಒಂದು ಸಂಘ ಕಟ್ಟಿದರು. ಇಂದಿನ ಟ್ಯೂಫ್ ಸಂಸ್ಥೆಗಳ ಬೇರು ಅಂಥ ಸಂಘಗಳಲ್ಲಿದೆ. 1951ರಿಂದ ಇಲ್ಲಿ ವಾಹನಗಳ ತಪಾಸಣೆ ಕಡ್ಡಾಯ. ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಸಲ, ಆಮೇಲೆ ಪ್ರತಿ ಎರಡು ವರ್ಷಕ್ಕೊಮ್ಮೆ ಕಾರು ಲಿಫ್ಟ್ ಏರಬೇಕು.

ನಮ್ಮಲ್ಲಿ ಸ್ವಂತ ಬಳಕೆಯ ಕಾರನ್ನು ಷೋರೂಮಿನಿಂದ ತಂದರೆ ಹದಿನೈದು ವರ್ಷ ಯಾರೂ ಅದರ ಕೆಳಗೆ ಬಗ್ಗಿ ನೋಡುವುದಿಲ್ಲ. ಹೊಗೆ ತಪಾಸಣೆ ಬಿಟ್ಟರೆ ಬೇರೇನಿಲ್ಲ. ಬ್ರೇಕ್ ಸವೆದಿರಲಿ, ಟೈರ್ ಬೋಳಾಗಿರಲಿ, ಕೇಳುವವರಿಲ್ಲ. ಆದರೆ ಬದಲಾವಣೆ ಎಂದ ಕೂಡಲೇ ಬಾಗಿಲು ಮುಚ್ಚುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಮಾಡಿತು. ಬಣ್ಣ ಬದಲಿಸಬಹುದು, ಒಪ್ಪಿಗೆ ಪಡೆದು ಗ್ಯಾಸ್ ಕಿಟ್ ಹಾಕಬಹುದು, ಅಂಗವಿಕಲರಿಗೆ ಅನುಕೂಲವಾಗುವಂತೆ ಮಾರ್ಪಡಿಸಬಹುದು. ಒಂದು ದೊಡ್ಡ ಬ್ರೇಕ್ ಡಿಸ್ಕ್ ಈ ಕಲಮಿಗೆ ಬೀಳುತ್ತದೆಯೇ ಇಲ್ಲವೇ? ಹೌದು ಅಥವಾ ಇಲ್ಲ ಎಂದು ಹೇಳಿ ಸಹಿ ಹಾಕುವ ಒಬ್ಬನೇ ಒಬ್ಬ ಮನುಷ್ಯ ನನ್ನ ಅಳಿಯನಿಗೆ ಸಿಗಲಿಲ್ಲ. ಸಿಕ್ಕಿದ್ದು ಏಜೆಂಟ್. “ಯಾಕೆ ತಂಟೆ, ಬಿಚ್ಚಿ ತೆಗೆದುಕೊಂಡು ಬನ್ನಿ” ಎಂದ.

ಇದರ ಫಲ ಏನು? ಕರ್ಕಶ ಸೈಲೆನ್ಸರ್ ಹಾಕಿದವನೂ, ಎದುರಿನವರ ಕಣ್ಣು ಕುರುಡಾಗುವ ಬಲ್ಬ್ ಹಾಕಿದವನೂ, ಬ್ರೇಕ್ ಗಟ್ಟಿಮಾಡಿದ ನನ್ನ ಅಳಿಯನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ತೋರಿಸಿಕೊಳ್ಳುವಂತಿಲ್ಲ ಎಂದ ಮೇಲೆ ಚೆನ್ನಾಗಿ ಮಾಡಬೇಕೆಂಬ ಒತ್ತಾಯವೂ ಇಲ್ಲ. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸುವ ಗ್ಯಾರೇಜನ್ನು ನಾನೇ ನೋಡಿದ್ದೇನೆ. ದಿಮ್ಮಿಯ ಮೇಲೆ ಹತ್ತಿಸಿ ಬೆರಳು ತೂರಿಸಿ ನೋಡುವವರು ಇದ್ದಿದ್ದರೆ ಆ ಕಾರು ಆ ದಿನವೇ ಅಲ್ಲೇ ನಿಲ್ಲುತ್ತಿತ್ತು.

ಇಷ್ಟು ಬರೆದು, ನನ್ನ ಕಾರಿನ ತುಕ್ಕಿನ ಕತೆಯನ್ನು ಪೂರ್ತಿ ಹೇಳದಿದ್ದರೆ ತಪ್ಪಾಗುತ್ತದೆ. ಆ ಪಟ್ಟಿಯನ್ನು ಇಲ್ಲಿನ ಒಂದು ವರ್ಕ್‌ಶಾಪಿಗೆ ತೋರಿಸಿದಾಗ ಅವರು ಹೇಳಿದ ಮೊತ್ತ ನಾನು ಕಾರಿಗೆ ಕೊಟ್ಟ ಬೆಲೆಯ ಅರ್ಧಕ್ಕಿಂತ ಹೆಚ್ಚು. ಜೊತೆಗೆ, ಗುಜರಿಗೆ ಕೊಡುವುದು ಲೇಸು ಎಂಬ ಸಲಹೆ. ಕೊನೆಗೆ ಗಂಟೆಯ ಬಾಡಿಗೆಗೆ ಲಿಫ್ಟ್, ಸ್ಪ್ಯಾನರ್ ಕೊಡುವ ಗ್ಯಾರೇಜಿನಲ್ಲಿ, ವೆಲ್ಡಿಂಗ್ ಬಲ್ಲ ಒಬ್ಬ ತುರ್ಕಿ ಗೆಳೆಯನ ಜೊತೆ ಮೂರು ಶನಿವಾರ ಕುಳಿತು ಮುಗಿಸಿದೆ. ತಗಡಿನ ತುಂಡನ್ನು ಸುತ್ತಿಗೆಯಲ್ಲಿ ಬಡಿದು ಬಾಗಿಸುವಾಗ ನನಗೆ ನೆನಪಾದದ್ದು ಹಾಸನದ ಟಿಂಕರಿಂಗ್ ಶೆಡ್. ಅಲ್ಲಿ ಇದು ಎರಡು ದಿನದ ಕೆಲಸ. ಗುಜರಿಗೆ ಕೊಡಿ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಅದೇ ಬೀದಿಯಲ್ಲಿ ರಿಪೇರಿಯಾಗುತ್ತಿತ್ತು. ಗೇರಿನ ಲಿವರ್ರೇ ಕಿಕ್ಕರ್ ಆಗುವ, ಮೈಸೂರಿನಲ್ಲಿ ಹುಟ್ಟಿದ ಆ ಗಾಡಿಯ ಸದ್ದನ್ನು ಮೆಕ್ಯಾನಿಕ್ ಸಾಬರು ತಿರುವಿನಲ್ಲೇ ಗುರುತು ಹಿಡಿಯುತ್ತಿದ್ದರು. ಗಾಡಿ ನಿಲ್ಲುವ ಮೊದಲೇ “ಪಾಯಿಂಟ್ ಉಜ್ಜಬೇಕು ಮೇಷ್ಟ್ರೇ” ಎಂದು ಜೇಬಿನಿಂದ ಉಪ್ಪುಕಾಗದದ ಚೂರು ತೆಗೆಯುತ್ತಿದ್ದರು. ಟೇಪ್ ಹಿಡಿದ ನನ್ನ ಎಂಜಿನಿಯರ್‌ಗೆ ಆ ಕಿವಿ ಇಲ್ಲ. ಇಲ್ಲಿ ಬಿಡಿಭಾಗಕ್ಕೆ ಪರೀಕ್ಷಾ ಪತ್ರ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಮಾಡಿದ್ದರೂ ಒಪ್ಪಿಸಿಕೊಳ್ಳುವುದು ದುಬಾರಿ, ಎಷ್ಟೋ ಸಲ ಆಗದ ಮಾತು. ಸಾಬರು ಕೈಯಿಂದ ಕಡೆದು ಕೊಡುತ್ತಿದ್ದ ಬುಷ್ ಇಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ.

ಇನ್ನೂ ಒಂದನ್ನು ಒಪ್ಪಬೇಕು. ಕಲಂ 52 ಬರೆದವರಿಗೆ, ಅದನ್ನು ಎತ್ತಿಹಿಡಿದವರಿಗೆ ಭಯಪಡಲು ಕಾರಣಗಳಿದ್ದವು. ಆಸ್ಪತ್ರೆಯ ಮುಂದೆ ರಾತ್ರಿ ಹನ್ನೆರಡಕ್ಕೆ ಸಿಡಿಯುವ ಸೈಲೆನ್ಸರ್ ನನ್ನ ತಾಯಿಯ ಕೊನೆಯ ವಾರದ ನೆನಪುಗಳಲ್ಲೊಂದು. ಅಷ್ಟೊಂದು ವಾಹನಗಳನ್ನು ಒಂದೊಂದಾಗಿ ನೋಡುವ ಕಣ್ಣುಗಳಿಲ್ಲದ ಕಡೆ ಎಲ್ಲಕ್ಕೂ ‘ಬೇಡ’ ಎನ್ನುವುದೇ ಸುಲಭ. ನನ್ನ ಸಿಟ್ಟು ಆ ‘ಬೇಡ’ದ ಮೇಲೆ ಈಗ ಮೊದಲಿನಷ್ಟಿಲ್ಲ. ನೋಡುವ ಕಣ್ಣುಗಳನ್ನು ಹುಟ್ಟಿಸದೆ ಅಲ್ಲಿಗೇ ನಿಂತುಬಿಟ್ಟರಲ್ಲ, ಅದರ ಮೇಲಿದೆ. ಕಿವಿಯಲ್ಲೇ ಗಾಡಿಯ ನೋವು ಹಿಡಿಯುವ ಸಾಬರಂಥವರಿದ್ದ ಊರಿನಲ್ಲಿ ಅಂಥ ಕಣ್ಣುಗಳಿಗೆ ಬರವೇ?

ಆಯುಧಪೂಜೆಗೆ ಇಲ್ಲಿ ರಜೆ ಇಲ್ಲ. ಈ ಸಲ ಕೆಲಸ ಮುಗಿಸಿ ಬಂದು, ತುರ್ಕಿ ಅಂಗಡಿಯ ನಾಲ್ಕು ನಿಂಬೆಹಣ್ಣು ಚಕ್ರದಡಿ ಇಟ್ಟು, ಕುಂಕುಮ ಹಚ್ಚಿ, ಅಂಗಳದಲ್ಲೇ ಒಂದು ಸುತ್ತು ಹಾಕಿದೆ. ಮಹಡಿಯ ಮೇಲಿನ ಜರ್ಮನ್ ಅಜ್ಜಿ ಕಿಟಕಿಯಿಂದ ನೋಡಿ ಕೈ ಬೀಸಿದರು.

ಆ ವಾರದ ಭಾನುವಾರ ರಾತ್ರಿ ಅಳಿಯ ವಿಡಿಯೋ ಕರೆ ಮಾಡಿದ. ಅಟ್ಟದಿಂದ ಗೋಣಿಚೀಲ ಇಳಿಸಿ ಒಳ್ಳೆಯ ಬ್ರೇಕ್‌ಗಳನ್ನು ಮತ್ತೆ ಕೂರಿಸಿದ್ದ. ಬ್ರೇಕ್ ಎಣ್ಣೆಯ ಲೈನಿನಲ್ಲಿ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಪೆಡಲ್ ಒತ್ತಲು. ಬೆಂಗಳೂರಿಗೆ ಬಂದಿದ್ದ ಅಪ್ಪ, ಎಪ್ಪತ್ತಾರರ ವಯಸ್ಸಿನಲ್ಲಿ, ಪಂಚೆ ಎತ್ತಿ ಕಟ್ಟಿ ಡ್ರೈವರ್ ಸೀಟಿನಲ್ಲಿ ಕುಳಿತಿದ್ದರು. ಫೋನು ನೆಲದ ಮೇಲಿತ್ತು. ನನಗೆ ಕಂಡದ್ದು ಚಕ್ರವಿಲ್ಲದ ಹಬ್, ಹೊಳೆಯುವ ಡಿಸ್ಕ್, ಕೆಳಗೆ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ.

“ಒತ್ತಿ ತಾತ. ಹಿಡಿದುಕೊಳ್ಳಿ.”

ಬಾಟಲಿಯೊಳಗಿನ ಕೊಳವೆಯಲ್ಲಿ ಗುಳ್ಳೆಗಳು ಸಾಲಾಗಿ ಬಂದವು.

“ಬಿಡಿ. ಮತ್ತೆ ಒತ್ತಿ.”

ಹತ್ತನೆಯ ಸಲಕ್ಕೆ ಗುಳ್ಳೆ ಬರಲಿಲ್ಲ. “ಈಗ ಕಲ್ಲಿನ ಹಾಗಿದೆ ನೋಡು” ಎಂದು ಅಪ್ಪನ ದನಿ ಕಾರಿನೊಳಗಿನಿಂದ ಕೇಳಿತು.